ಕಂಡಕ್ಟರಮ್ಮ ನಿಂತ ಬಗೆ

ಎಚ್ಚರವಾದ ಮೇಲೆ ಎರಡು ದಿನ ಕಂಡಕ್ಟರಮ್ಮ ಯಾರಿಗೂ ಹೇಳದೆ ಒಂದು ಸುಖ ಅನುಭವಿಸಿದಳು. ಹೇಳಬೇಕೆಂದರೂ ಹೇಳುವ ಹಾಗಿರಲಿಲ್ಲವೆನ್ನಿ. ಬಾಯಿಂದ ಗಂಟಲಿಗೆ ಇಳಿಸಿದ್ದ ನಳಿಗೆ ಮಾತಿನ ದಾರಿಗೆ ಅಡ್ಡ ಕೂತಿತ್ತು. ಬಸ್ಸಿನ ಮುಂಬಾಗಿಲಲ್ಲಿ ನಿಂತು ಕೂಗಿದರೆ ಹಿಂಬಾಗಿಲಿಗೆ ಕೇಳಿಸುವಂಥ ಕಂಠದ ಹೆಂಗಸಿಗೆ ಈಗ ಹುಬ್ಬು ಏರಿಸುವುದು, ಇಳಿಸುವುದು, ಇವೆರಡೇ ಮಾತು.

ನ್ಯುಮೋನಿಯಾ ಎರಡೂ ಶ್ವಾಸಕೋಶ ಹಿಡಿದು ಅವಳನ್ನು ಐ.ಸಿ.ಯು.ಗೆ ತಂದು ಮಲಗಿಸಿತ್ತು. ಐದು ದಿನ ನಿದ್ದೆಯ ಮದ್ದಿನಲ್ಲಿ ಮುಳುಗಿದ್ದಳು. ಆರನೆಯ ದಿನ ಮದ್ದು ಇಳಿಸಿದಾಗ ಕಣ್ಣು ಬಿಟ್ಟು ನೋಡಿದರೆ ಬಿಳಿ ಚಾವಣಿ, ಹಸಿರು ಪರದೆ, ಪಕ್ಕದಲ್ಲಿ ಅವಳ ಪರವಾಗಿ ಉಸಿರೆಳೆದು ಬಿಡುತ್ತಿರುವ ಮಿಶನ್ನು. ಹೆದರಿಕೆಯಾಯಿತು, ಸುಳ್ಳಲ್ಲ. ಆದರೆ ಆ ಹೆದರಿಕೆಯ ಅಡಿಯಲ್ಲಿ ಇನ್ನೊಂದು ಭಾವ ಬೆಚ್ಚಗೆ ಮಲಗಿತ್ತು. ಯಾರೂ ತನ್ನನ್ನು ಏನೂ ಕೇಳುತ್ತಿಲ್ಲ. ಇಪ್ಪತ್ತಾರು ವರ್ಷದಿಂದ, ಕಣ್ಣು ತೆರೆದ ಗಳಿಗೆಯಿಂದ ಮುಚ್ಚುವ ಗಳಿಗೆಯವರೆಗೆ ಅವಳನ್ನು ಯಾರಾದರೂ ಏನಾದರೂ ಕೇಳುತ್ತಲೇ ಇದ್ದರು. ನನ್ನ ಕನ್ನಡಕ ಎಲ್ಲಿ, ಉಪ್ಪು ಮುಗೀತಾ, ಈ ಬಸ್ಸು ಮಾರ್ಕೆಟ್ ಮೇಲೆ ಹೋಗುತ್ತಾ, ಎಷ್ಟು ಹೊತ್ತಿಗೆ ತಲುಪುತ್ತೆ, ಅಮ್ಮಾ ಈ ಕಿಟಕಿ ಮುಚ್ಚೋಕೆ ಬರ್ತಿಲ್ಲ. ಈಗ ಉಸಿರಾಡುವ ಕೆಲಸ ಕೂಡ ಅವಳದಲ್ಲ. ಅಂತೂ ರಜೆ ಸಿಕ್ಕಿತು ಎಂದುಕೊಂಡಳು. ಅಂದುಕೊಂಡ ಮೇಲೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ರಜೆ ಹಿತವಾಗಿಯೇ ಇತ್ತು.

ಈ ರಜೆಗೆ ಅಕ್ಕ ಕಾವಲು ನಿಂತಿದ್ದಳು. ಅವಳಿಗಿಂತ ಏಳು ವರ್ಷ ದೊಡ್ಡವಳು. ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದು, ಒಳಗೆ ಬಿಡುತ್ತಿದ್ದ ಬೆಳಗಿನ ಅರ್ಧ ಗಂಟೆ, ಸಂಜೆಯ ಅರ್ಧ ಗಂಟೆ ಬಿಟ್ಟರೆ ದಿನವೆಲ್ಲ ಹೊರಗಿನ ಮೊಗಸಾಲೆಯಲ್ಲಿ ಇರುತ್ತಿದ್ದಳು. ಒಳಗೆ ಬಂದದ್ದೇ ತಂಗಿಯ ಹೊದಿಕೆಯ ನಾಲ್ಕೂ ಮೂಲೆ ಎಳೆದು ಸರಿಮಾಡಿ, "ಅಲ್ಲಾಡಬೇಡ ಪುಟ್ಟಿ, ಸುಮ್ನೆ ಮಲಗಿರು" ಎನ್ನುತ್ತಿದ್ದಳು. ನಲವತ್ತೊಂಬತ್ತು ತುಂಬಿದ ಪುಟ್ಟಿ ಹುಬ್ಬು ಏರಿಸಿ ಒಪ್ಪಿಕೊಳ್ಳುತ್ತಿದ್ದಳು. ಗಂಡ ಹಾಸಿಗೆಯ ಕಾಲುದೆಸೆಯಲ್ಲಿ ನಿಂತು ನೋಡುತ್ತಿದ್ದ. ಅವನದು ಬೀಗ ರಿಪೇರಿಯ ಕೆಲಸ. ಮೊದಲಿಂದಲೂ ಮಾತು ಕಡಿಮೆ, ಕಿವಿ ಚುರುಕು.

ಬುಧವಾರ ಬೆಳಿಗ್ಗೆ ರಜೆಗೆ ಕುತ್ತು ಬಂತು. ಕುಳ್ಳಗಿನ ಒಬ್ಬ ಹುಡುಗಿ, ಬಿಗಿಯಾಗಿ ಕಟ್ಟಿದ ಕೂದಲು, ಕಾಲಿಗೆ ಕಿತ್ತಳೆ ಬಣ್ಣದ ಶೂ, ಪರದೆ ಸರಿಸಿ ಒಳಗೆ ಬಂದಳು.

"ನಾನು ಫಿಸಿಯೋ. ಇವತ್ತು ಹಾಸಿಗೆ ಅಂಚಲ್ಲಿ ಕೂರೋಣ. ನಾಳೆ ನಿಲ್ಲೋಣ," ಎಂದಳು.

ಅಕ್ಕ ಕೈಯಲ್ಲಿದ್ದ ಹೊದಿಕೆಯ ಮೂಲೆ ಬಿಟ್ಟಳು. "ಯಾರು ನಿಲ್ಲೋದು?"

"ಇವರೇ."

"ಬಾಯಲ್ಲಿ ನಳಿಗೆ, ಕತ್ತಲ್ಲಿ ಸೂಜಿ, ಕೈಯಲ್ಲಿ ಡ್ರಿಪ್ಪು. ಇವಳನ್ನ ನಿಲ್ಲಿಸ್ತೀಯಾ? ನಿಮ್ಮನೇಲಿ ಅಕ್ಕತಂಗಿ ಅಂತ ಯಾರೂ ಇಲ್ವೇನಮ್ಮ?"

"ಒಬ್ಬಳು ತಂಗಿ ಇದ್ದಾಳೆ. ಅವಳನ್ನೂ ಮಲಗೋಕೆ ಬಿಡಲ್ಲ."

ಹುಡುಗಿ ಜೇಬಿನಿಂದ ಟೇಪು ತೆಗೆದಳು. ಕಂಡಕ್ಟರಮ್ಮನ ತೊಡೆಯ ಮೇಲೆ, ಮಂಡಿಯಿಂದ ಒಂದು ಗೇಣು ಮೇಲಕ್ಕೆ, ನೀಲಿ ಪೆನ್ನಿನ ಗೆರೆಯೊಂದಿತ್ತು. ಬಂದ ದಿನವೇ ಅಲ್ಲಿ ಸುತ್ತಳತೆ ತೆಗೆದು ಬರೆದಿಟ್ಟಿದ್ದಳಂತೆ. ಈಗ ಮತ್ತೆ ಅಳೆಯಲು ಬಾಗಿದಾಗ ಅಕ್ಕ, "ಕೊಡಿಲ್ಲಿ, ಟೇಪು ಹಿಡಿಯೋದು ಹಾಗಲ್ಲ" ಎಂದು ಕಿತ್ತುಕೊಂಡು ತಾನೇ ಅಳೆದಳು. ಒಮ್ಮೆ ಅಳೆದಳು. ಇನ್ನೊಮ್ಮೆ ಅಳೆದಳು. ಹುಡುಗಿ ತೋರಿಸಿದ ಹಾಳೆಯಲ್ಲಿನ ಹಳೆಯ ಅಳತೆ ನೋಡಿದಳು.

"ಎರಡು ಸೆಂಟಿಮೀಟರ್," ಎಂದಳು, ತನಗೇ ಹೇಳಿಕೊಳ್ಳುವವಳಂತೆ. "ಬಟ್ಟೆ ಆಗಿದ್ರೆ ಬಿಚ್ಚಿ ಹೊಲೀಬೇಕಾಗಿತ್ತು."

"ಎಂಟು ದಿನಕ್ಕೆ ಇಷ್ಟು ಹೋಗಿದೆ. ಕಾಲು ಕಣ್ಣಿಗೆ ಕಾಣುತ್ತೆ, ಅಳೀಬಹುದು. ಉಸಿರೆಳೆಯೋ ಸ್ನಾಯು ಒಳಗಿದೆ. ಅದೂ ಹೀಗೇ ಕರಗ್ತಾ ಇರುತ್ತೆ, ಅಳೆಯೋಕೆ ಟೇಪಿಲ್ಲ. ಎದ್ದು ಕೂತ್ರೆ, ನಿಂತ್ರೆ, ಅದಕ್ಕೂ ಕೆಲಸ ಸಿಗುತ್ತೆ."

ಅಷ್ಟು ಹೊತ್ತಿಗೆ ಡಾಕ್ಟರು ಬಂದರು. ಎತ್ತರದ ಮನುಷ್ಯ, ಎಲ್ಲಿ ನಿಂತರೂ ಯಾರದಾದರೂ ದಾರಿಗೆ ಅಡ್ಡ. ಎದೆಬಡಿತ, ಆಮ್ಲಜನಕ ಎರಡೂ ಸರಿಯಾಗಿವೆ, ಕೂರಿಸಬಹುದು ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ ದನಿ ತಗ್ಗಿಸಿದರು. ಮಾತು ನಿಂತವರ ಕಿವಿ ಎಷ್ಟು ಹರಿತವಾಗುತ್ತದೆಂದು ಅವರಿಗೆ ತಿಳಿದಿರಲಿಲ್ಲ.

"ಶನಿವಾರ ಒಂದು ಪರೀಕ್ಷೆ ಮಾಡ್ತೀವಿ. ಮಿಶನ್ ಸಹಾಯ ಇಳಿಸಿ, ಅರ್ಧ ಗಂಟೆ ಇವರೇ ಉಸಿರಾಡ್ತಾರಾ ನೋಡ್ತೀವಿ. ಉಸಿರಾಡಿದ್ರೆ ನಳಿಗೆ ತೆಗೀತೀವಿ. ಆಗದಿದ್ರೆ ಕತ್ತಲ್ಲಿ ಸಣ್ಣ ತೂತು ಮಾಡಿ ನಳಿಗೆ ಅಲ್ಲಿಗೆ ಬದಲಾಯಿಸಬೇಕಾಗುತ್ತೆ. ಹೆದರೋ ಅಂಥದ್ದಲ್ಲ, ಆಮೇಲೆ ಮುಚ್ಚಬಹುದು. ಆದ್ರೆ ಮನೆಗೆ ಹೋಗೋದು, ಕೆಲಸಕ್ಕೆ ಹೋಗೋದು ತಿಂಗಳುಗಟ್ಟಲೆ ತಡ."

ಕತ್ತಲ್ಲಿ ತೂತು. ಕಂಡಕ್ಟರಮ್ಮನ ರಜೆ ಅಲ್ಲಿಗೆ ಮುಗಿಯಿತು. ಮಾತಿಲ್ಲದೆ ಮಲಗಿರುವುದು ಎರಡು ದಿನಕ್ಕೆ ಚಂದ, ತಿಂಗಳುಗಟ್ಟಲೆಗಲ್ಲ. ತನ್ನ ಬಸ್ಸಿನಲ್ಲಿ ಬೇರೆ ಯಾರೋ ನಿಂತು, ಬೇರೆ ಯಾವುದೋ ದನಿಯಲ್ಲಿ ನಿಲ್ದಾಣಗಳ ಹೆಸರು ಕೂಗುವುದಕ್ಕೆ ಅವಳ ಒಪ್ಪಿಗೆಯಿರಲಿಲ್ಲ. ಇವತ್ತು ಬುಧವಾರ. ಶನಿವಾರಕ್ಕೆ ಮೂರೇ ದಿನ.

ಅವಳನ್ನು ಕೂರಿಸಲು ನಾಲ್ಕು ಜನ ಬೇಕಾಯಿತು. ದಪ್ಪನೆಯ ನರ್ಸಮ್ಮ ನಳಿಗೆ ಹಿಡಿದಳು, ಇನ್ನೊಬ್ಬಳು ಡ್ರಿಪ್ಪಿನ ಕಂಬಿ, ಆಯಾ ಕಾಲು, ಫಿಸಿಯೋ ಹುಡುಗಿ ಬೆನ್ನು. ಒಂದು, ಎರಡು, ಮೂರು. ಎಂಟು ದಿನದಿಂದ ಮಲಗಿದ್ದ ಕೋಣೆ ಎದ್ದು ಕೂತಿತು. ಎದುರು ಗೋಡೆ ಒಮ್ಮೆ ಹತ್ತಿರ ಬಂತು, ಒಮ್ಮೆ ದೂರ ಹೋಯಿತು. ತಲೆ ತನ್ನದಲ್ಲದ ಸಾಮಾನಿನಂತೆ ಭಾರವಾಗಿತ್ತು. ಬರೆಯಲು ಕೊಟ್ಟ ಪುಟ್ಟ ಹಲಗೆಯ ಮೇಲೆ 'ಸಾಕು' ಎಂದು ಬರೆದಳು.

ಹುಡುಗಿ ತಲೆ ಓರೆ ಮಾಡಿ ನೋಡಿದಳು. "ಅಕ್ಷರ ಗೊತ್ತಾಗ್ತಿಲ್ಲ ಅಮ್ಮ. ಸ್ವಲ್ಪ ದುಂಡಗೆ ಬರೀರಿ."

ಕಂಡಕ್ಟರಮ್ಮ ಅಳಿಸಿ ಮತ್ತೆ ಬರೆದಳು. ಅದಕ್ಕೊಂದು ನಿಮಿಷ ಹಿಡಿಯಿತು.

"ಹಾಂ, ಈಗ ಓದೋಕೆ ಬಂತು. ಆರು ನಿಮಿಷ ಕೂತಿದ್ರಿ. ಸಾಕು."

ಕಳ್ಳಿ, ಎಂದುಕೊಂಡಳು ಕಂಡಕ್ಟರಮ್ಮ. ಅವತ್ತೇ ಆ ಹುಡುಗಿಯ ಮೇಲೆ ಒಂದು ಬಗೆಯ ಮಮತೆ ಹುಟ್ಟಿತು.

ಗುರುವಾರ ನಿಲ್ಲುವ ದಿನ. ಎದುರಿಗೆ ವಾಕರ್ ತಂದಿಟ್ಟರು. ಪಾದ ಎರಡನ್ನೂ ಹತ್ತಿರ ಜೋಡಿಸಿದರು. "ಎರಡು ಕೈಯಿಂದ ಗಟ್ಟಿಯಾಗಿ ಹಿಡೀರಿ, ಮುಂದೆ ಬಾಗಿ, ಏಳಿ." ಅವಳು ಹಿಡಿದಳು, ಬಾಗಿದಳು, ಎದ್ದಳು. ಅರ್ಧಕ್ಕೆ ಮಂಡಿಗಳು ಒದ್ದೆ ಬಟ್ಟೆಯಂತೆ ಮಡಚಿಕೊಂಡವು. ನಾಲ್ಕು ಜೊತೆ ಕೈಗಳು ಅವಳನ್ನು ಹಾಸಿಗೆಗೆ ಇಳಿಸಿದವು. ಸ್ವಲ್ಪ ಸುಧಾರಿಸಿಕೊಂಡು ಇನ್ನೊಂದು ಸಲ. ಮತ್ತೆ ಅದೇ. ಹುಡುಗಿ "ಪರವಾಗಿಲ್ಲ, ಪರವಾಗಿಲ್ಲ" ಎಂದಳು, ಆದರೆ ಎರಡನೆಯ ಪರವಾಗಿಲ್ಲದಲ್ಲಿ ಮೊದಲನೆಯದರ ಕಸುವಿರಲಿಲ್ಲ. ಅವಳು ಹಾಳೆಯಲ್ಲಿ ಏನೋ ಬರೆದುಕೊಳ್ಳಲು ಪಕ್ಕಕ್ಕೆ ತಿರುಗಿದಳು.

ಆಗ ನಡೆದದ್ದನ್ನು ಕಂಡಕ್ಟರಮ್ಮ ಬಿಟ್ಟರೆ ಯಾರೂ ಗಮನಿಸಲಿಲ್ಲ. ಅವಳಿನ್ನೂ ಹಾಸಿಗೆಯ ಅಂಚಿನಲ್ಲೇ ಕೂತಿದ್ದಳು. ಮಿಶನ್ನಿನ ಕೊಳವೆ ಎಳೆಯುತ್ತಿದೆಯೆಂದು ನರ್ಸಮ್ಮ ಮಂಚದ ಚಕ್ರದ ಬ್ರೇಕು ಬಿಟ್ಟು ಒಂದು ಗೇಣು ಸರಿಸಿದಳು. ಮಂಚ ಜಗ್ಗಿ ಮುಂದೆ ಹೋಯಿತು. ಅದೇ ಗಳಿಗೆಗೆ, ಯಾರೂ ಹೇಳದೆ, ನೆಲದ ಮೇಲಿದ್ದ ಅವಳ ಎರಡೂ ಪಾದ ತಾವಾಗಿಯೇ ಅಗಲಕ್ಕೆ ಜರುಗಿ, ಬಲಪಾದ ತುಸು ಮುಂದೆ ಬಂದು, ಹಿಮ್ಮಡಿ ನೆಲಕ್ಕೆ ಕಚ್ಚಿಕೊಂಡಿತು. ತೊಡೆ ಬಿಗಿಯಿತು. ಆ ತೊಡೆ ಸತ್ತಿರಲಿಲ್ಲ. ಅದಕ್ಕೆ ಅದರ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ, ಅಷ್ಟೆ.

ಸಂಜೆ ಅಕ್ಕ ಬಂದಾಗ ವಿಷಯ ಕಿವಿಗೆ ಬಿದ್ದಿತ್ತು. ಫಿಸಿಯೋ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ತಂಗಿಯ ಗಂಡನತ್ತ ತಿರುಗಿದಳು.

"ಎರಡು ಸಲ ಬಿದ್ದಿದ್ದಾಳಂತೆ. ನಾಳೆ ಬೇಡ. ನೀವು ಗಂಡ, ನೀವೇ ಹೇಳಿಬಿಡಿ."

"ಬೀಳಲಿಲ್ಲ, ಕೂರಿಸಿದ್ವಿ," ಎಂದಳು ಹುಡುಗಿ.

"ಹೊಲಿಗೆ ಕಿತ್ತು ಹೋದ ಮೇಲೆ ಹರೀಲಿಲ್ಲ, ಬಿಚ್ಕೊಂಡಿತು ಅಂದ ಹಾಗಾಯ್ತು."

ಎಲ್ಲರೂ ಗಂಡನ ಕಡೆ ನೋಡಿದರು. ಅವನು ಹೆಂಡತಿಯ ಕಡೆ ನೋಡಿದ. "ನಿನಗೇನು ಬೇಕು?" ಎಂದ.

ಕಂಡಕ್ಟರಮ್ಮ ತಬ್ಬಿಬ್ಬಾದಳು. ಅವಳನ್ನು ಜನ ಎಷ್ಟೋ ಕೇಳಿದ್ದರು. ಇದನ್ನು ಮಾತ್ರ ಯಾರೂ ಕೇಳಿದ ನೆನಪಿಲ್ಲ. ಹಲಗೆ ತೆಗೆದುಕೊಂಡು, ಆದಷ್ಟು ದುಂಡಗೆ ಬರೆದಳು: 'ಕಾಲು ಅಗಲ. ಕೈ ಬೇಡ.'

ಹುಡುಗಿ ಓದಿದಳು. ಅಕ್ಕ ಓದಿದಳು. "ಜ್ವರ ನೆತ್ತಿಗೇರಿರಬೇಕು," ಎಂದಳು ಅಕ್ಕ.

ಗಂಡ ಓದಿ ಹಲಗೆಯನ್ನು ಹಾಸಿಗೆಯ ಮೇಲಿಟ್ಟ. ಆಮೇಲೆ ಐ.ಸಿ.ಯು.ವಿನ ನಟ್ಟನಡುವೆ, ಏಳು ಹಾಸಿಗೆಗಳ ಎದುರಿಗೆ, ಹೆಂಡತಿಯಂತೆ ನಿಂತ. ಕಾಲು ಅಗಲಿಸಿದ, ಬಲಪಾದ ಮುಂದಿಟ್ಟ, ಸೊಂಟದ ಎಡಮೂಳೆಯನ್ನು ಮಂಚದ ಕಂಬಿಗೆ ಆನಿಸಿದ. ಕೈ ಎರಡೂ ಬಿಡುವಾಗಿ ಎದೆಯ ಮುಂದೆ ಬಂದವು. ಕಾಣದ ತಿರುವಿಗೆ ಮೈ ಒಂದಿಷ್ಟು ವಾಲಿಸಿ ಮತ್ತೆ ನೆಟ್ಟಗಾದ.

"ಬಸ್ಸಲ್ಲಿ ಹೀಗೆ ನಿಲ್ತಾಳೆ," ಎಂದ. "ಯಾವತ್ತೂ ಕಂಬಿ ಹಿಡಿದವಳಲ್ಲ. ಕೈಗೆ ಬೇರೆ ಕೆಲಸ ಇರುತ್ತಲ್ಲ. ನೀವು ಕೈಗೆ ವಾಕರ್ ಕೊಟ್ರಿ. ಅವಳಿಗೆ ಹಿಡ್ಕೊಂಡು ನಿಂತು ಗೊತ್ತೇ ಇಲ್ಲ."

ಹುಡುಗಿ ಬೆರಗಾಗಿ ನೋಡಿದಳು. "ಇಷ್ಟು ಕರಾರುವಾಕ್ಕಾಗಿ ಯಾವಾಗ ನೋಡಿದ್ರಿ?"

"ತಿಂಗಳಿಗೊಂದು ಸಲ ಅಂಗಡಿಗೆ ಬಿಡಿಭಾಗ ತರೋಕೆ ಹೋಗ್ತೀನಿ. ಹಿಂದಿನ ಸೀಟಲ್ಲಿ ಕೂತಿರ್ತೀನಿ." ಕತ್ತು ತುರಿಸಿಕೊಂಡ. "ಬೇರೆ ಬಸ್ಸೂ ಇದೆ. ನಾನು ಇವಳದೇ ಹಿಡೀತೀನಿ."

ಕಂಡಕ್ಟರಮ್ಮನಿಗೆ ಇದು ಹೊಸ ಸುದ್ದಿ. ಅವನು ಹತ್ತುವುದನ್ನು ನೋಡುತ್ತಿದ್ದಳು, ಟಿಕೆಟು ಕೊಡುತ್ತಿದ್ದಳು, ಅದು ಆ ಹೊತ್ತಿನ ಬಸ್ಸು, ಅದಕ್ಕೆ ಹತ್ತಿದ್ದಾನೆ ಎಂದುಕೊಳ್ಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಕೂತು, ಬೀಗದ ಒಳಗನ್ನು ಆಲಿಸುವ ಮನುಷ್ಯ ತನ್ನ ಸೊಂಟದ ಮೂಳೆ ಎಲ್ಲಿ ಆನುತ್ತದೆಂದು ಇಷ್ಟು ವರ್ಷ ನೋಡಿಕೊಂಡು ಬಂದಿದ್ದಾನೆ. ಈ ವಯಸ್ಸಿನಲ್ಲಿ ಮುಖ ಬಿಸಿಯಾಯಿತು. ತಲೆಯ ಮೇಲಿನ ಮಾನಿಟರಿನಲ್ಲಿ ಎದೆಬಡಿತದ ಅಂಕಿ ಏರಿತು, ಅದನ್ನು ನೋಡಿ ನರ್ಸಮ್ಮ ಓಡಿ ಬಂದಳು.

"ಏನಾಯ್ತು?"

"ಏನಿಲ್ಲ," ಎಂದಳು ಅಕ್ಕ, ಇಬ್ಬರನ್ನೂ ನೋಡಿ. "ಔಷಧಿ ಕೆಲಸ ಮಾಡ್ತಿದೆ."

ಶುಕ್ರವಾರ ಹುಡುಗಿ ವಾಕರನ್ನು ಮೂಲೆಗೆ ತಳ್ಳಿಸಿದಳು. "ಪುಸ್ತಕದಲ್ಲಿ ಹೀಗಿಲ್ಲ. ಆದ್ರೆ ಪುಸ್ತಕ ಬರೆದವರು ಬಸ್ಸಲ್ಲಿ ಕೆಲಸ ಮಾಡಿರಲ್ಲ, ಅಲ್ವಾ. ಸೊಂಟಕ್ಕೆ ಆನಿಸೋಕೆ ಏನು ಬೇಕು, ಹೇಳಿ."

ಹಲಗೆಯ ಮೇಲೆ 'ಸೀಟು' ಎಂದು ಬಂತು. ವಾರ್ಡಿನಲ್ಲಿ ಹುಡುಕಿ ಎತ್ತರ ಬೆನ್ನಿನ ಒಂದು ಕುರ್ಚಿ ತಂದು ಎಡಗಡೆ ಇಟ್ಟರು. ಹುಡುಗಿ ತಳ್ಳಿ ನೋಡಿದಳು, ಜರುಗಿತು. "ಭಾರ ಬೇಕು," ಎಂದು ಸುತ್ತ ನೋಡಿದಳು. ಎಲ್ಲರ ಕಣ್ಣೂ ನರ್ಸಮ್ಮನ ಮೇಲೆ ಹೋಗಿ ನಿಂತಿತು.

"ಯಾಕೆ ಹಾಗೆ ನೋಡ್ತೀರಿ, ಬಾಯಿಬಿಟ್ಟು ಹೇಳಿ," ಎಂದಳು ನರ್ಸಮ್ಮ. ನಳಿಗೆಯನ್ನು ಇನ್ನೊಬ್ಬಳ ಕೈಗೆ ಒಪ್ಪಿಸಿ, ಕುರ್ಚಿಯ ಬೆನ್ನು ಕಂಡಕ್ಟರಮ್ಮನ ಕಡೆ ಬರುವಂತೆ ತಿರುಗಿಸಿ, ಠೀವಿಯಿಂದ ಕೂತಳು. "ಕೂತೆ. ಕೊನೆ ಸ್ಟಾಪಿಗೆ ಒಂದು ಟಿಕೆಟು."

ಪಾದಗಳನ್ನು ಅಗಲಕ್ಕಿಟ್ಟರು. ಹುಡುಗಿ ಅವಳ ಮಂಡಿಗೆ ತನ್ನ ಮಂಡಿ ಒತ್ತಿ ಹಿಡಿದಳು, ಅವಳ ಸೊಂಟಕ್ಕೆ ಕಟ್ಟಿದ್ದ ಪಟ್ಟಿಗೆ ಕೈಹಾಕಿದಳು. ಒಂದು, ಎರಡು, ಮೂರು. ಕಂಡಕ್ಟರಮ್ಮ ಎದ್ದಳು. ಮಂಡಿ ನಡುಗಿತು, ಈಗ ಮಡಚುತ್ತದೆ ಎನ್ನುವಾಗ ಸೊಂಟದ ಎಡಮೂಳೆ ಕುರ್ಚಿಯ ಬೆನ್ನಿಗೆ ತಾಗಿತು. ತಾಗಿದ್ದೇ ತಡ, ಮೈಯೊಳಗೆ ಎಲ್ಲವೂ ತನ್ನ ತನ್ನ ಜಾಗಕ್ಕೆ ಹೋಗಿ ಕೂತಿತು. ಹಿಮ್ಮಡಿಗೆ ನೆಲ ಸಿಕ್ಕಿತು. ಬೆನ್ನು ನೀಳವಾಯಿತು. ಬಾಯಲ್ಲಿ ನಳಿಗೆ, ಕತ್ತಲ್ಲಿ ಸೂಜಿ, ಕೈಯಲ್ಲಿ ಡ್ರಿಪ್ಪು, ಎಲ್ಲವನ್ನೂ ಹೊತ್ತುಕೊಂಡು ಅವಳು ನಿಂತಿದ್ದಳು.

ಎಷ್ಟು ಎತ್ತರ ಕಾಣುತ್ತಿತ್ತು ಲೋಕ. ಇತ್ತ ಮೂರನೆಯ ಹಾಸಿಗೆಯ ಅಜ್ಜ ಬಾಯಿ ಬಿಟ್ಟು ನೋಡುತ್ತಿದ್ದ, ಅತ್ತ ಕಿಟಕಿಯಾಚೆ ಒಂದು ಮಹಡಿಯ ಮೇಲೆ ಯಾರೋ ಬಟ್ಟೆ ಒಣಗಹಾಕುತ್ತಿದ್ದರು. ತನಗೆ ಬೇಕಾಗಿದ್ದದ್ದು ಏನಿರಬಹುದೆಂದು ಅವಳಿಗೆ ಈಗ ಹೊಳೆಯಿತು. ಪ್ರಶ್ನೆಗಳಿಂದ ಬಿಡುವು ಬೇಕಿತ್ತು, ಹೌದು. ನಿಲ್ಲುವುದರಿಂದ ಬಿಡುವು ಬೇಕಿರಲಿಲ್ಲ. ಓಡುವ ಬಸ್ಸಿನ ಎರಡು ಬಾಗಿಲುಗಳ ನಡುವಿನ ಆ ಸಣ್ಣ ಓಣಿಯಲ್ಲಿ ಅವಳು ಯಾರ ಪುಟ್ಟಿಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ನೆಲ ಅಲುಗಾಡುತ್ತಿರುತ್ತದೆ, ಅವಳು ಬೀಳುವುದಿಲ್ಲ. ಇಷ್ಟೇ ಅವಳ ಸ್ವಂತ ಆಸ್ತಿ. ಅದನ್ನು ಯಾರೂ ಕೊಟ್ಟದ್ದಲ್ಲ, ಮಲಗಿ ಕಳೆಯುವಂಥದ್ದೂ ಅಲ್ಲ.

ಡಾಕ್ಟರು ಸುದ್ದಿ ಕೇಳಿ ಬಂದು, ಎಂದಿನಂತೆ ಡ್ರಿಪ್ಪಿನ ಕಂಬಿಗೆ ಅಡ್ಡ ನಿಂತರು. ಕಂಡಕ್ಟರಮ್ಮ ಬಿಡುವಾಗಿದ್ದ ಬಲಗೈ ಎತ್ತಿ, ಎರಡು ಬೆರಳಿನಿಂದ ಅವರನ್ನು ಒಳಗೆ ಒಳಗೆ ಹೋಗುವಂತೆ ಸನ್ನೆ ಮಾಡಿದಳು. ಡಾಕ್ಟರು ಪಾಲಿಸಿದ ಮೇಲೆ, ತಾನು ಏಕೆ ಪಾಲಿಸಿದೆನೆಂದು ಯೋಚಿಸಿದರು. ಫಿಸಿಯೋ ಹುಡುಗಿಗೆ ನಗು ತಡೆಯಲಾಗದೆ ಎಣಿಕೆ ತಪ್ಪಿತು.

"ನಲವತ್ತು ಸೆಕೆಂಡೋ ಐವತ್ತೋ ಆಯ್ತು," ಎಂದಳು. "ಕೂರ್ತೀರಾ?"

ಕಂಡಕ್ಟರಮ್ಮ ಹುಬ್ಬು ಇಳಿಸಿದಳು. ಇಲ್ಲ.

ಅವತ್ತು ಮೂರು ಸಲ ನಿಂತಳು. ಮೂರನೆಯ ಸಲ ನಿಂತಲ್ಲೇ ಎಂಟು ಹೆಜ್ಜೆ ಎತ್ತಿಹಾಕಿದಳು. ಪ್ರತಿ ಸಲವೂ ಆಳದಿಂದ ಕೆಮ್ಮು ಬಂದು, ನಳಿಗೆಯಲ್ಲಿ ಕಫ ಏರಿ, ನರ್ಸಮ್ಮ ಅದನ್ನು ಚಿನ್ನ ಸಿಕ್ಕಿದ ಹಾಗೆ ಹೀರಿ ತೆಗೆದಳು. ಉಸಿರಾಟದಲ್ಲಿ ಮಿಶನ್ನಿನ ಪಾಲು ಸಂಜೆಯ ಹೊತ್ತಿಗೆ ಒಂದು ಮೆಟ್ಟಿಲು ಇಳಿದಿತ್ತು.

ಶನಿವಾರ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆ ಶುರುಮಾಡಿದರು. ಮಿಶನ್ನಿನ ಸಹಾಯ ಇಳಿಸಿದಾಗ, ಜೊತೆಗೆ ನಡೆಯುತ್ತಿದ್ದವರು ಕೈಬಿಟ್ಟು ಹಿಂದೆ ನಿಂತಂತಾಯಿತು. ಹತ್ತು ನಿಮಿಷ ಸಲೀಸು. ಹದಿನೈದಕ್ಕೆ ಪಕ್ಕೆಲುಬು ನೋಯತೊಡಗಿತು. ಇಪ್ಪತ್ತಕ್ಕೆ ಹಣೆಯಲ್ಲಿ ಬೆವರು. ಗಾಜಿನ ಬಾಗಿಲಾಚೆ ಅಕ್ಕನ ಮುಖ, ಅದರ ಮೇಲೊಂದು ಗಂಡನ ಮುಖ, ಒತ್ತಿ ಒತ್ತಿ ಗಾಜು ಮಂಜಾಗಿತ್ತು. ಹುಡುಗಿ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಹೆಗಲು ಇಳಿಸಿ. ಹೊಟ್ಟೆಯಿಂದ ಉಸಿರೆಳೀರಿ. ಏರು ರಸ್ತೆ, ನಿಧಾನ ಗೇರು," ಎನ್ನುತ್ತಿದ್ದಳು. ಕಂಡಕ್ಟರಮ್ಮ ನಿಧಾನ ಗೇರಿನಲ್ಲಿ ಉಸಿರೆಳೆದಳು. ಏರು ರಸ್ತೆಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಅವು ಮುಗಿಯುತ್ತವೆ.

ಅರ್ಧ ಗಂಟೆಯಾದದ್ದನ್ನು ಡಾಕ್ಟರು ಗಡಿಯಾರ ನೋಡಿ ಹೇಳಿದಾಗ ಅವಳು ಇನ್ನೂ ಉಸಿರಾಡುತ್ತಲೇ ಇದ್ದಳು. "ಜೋರಾಗಿ ಕೆಮ್ಮಿ," ಎಂದರು. ಕೆಮ್ಮಿದಳು. ನಳಿಗೆ ಹೊರಗೆ ಬಂತು.

ಇಬ್ಬರನ್ನೂ ಒಳಗೆ ಬಿಟ್ಟಾಗ ಅಕ್ಕ ಮೊದಲು ತಂಗಿಯ ಕತ್ತನ್ನು ಎರಡೂ ಕೈಯಿಂದ ಸವರಿದಳು, ಬಟ್ಟೆಯಲ್ಲಿ ತೂತು ಹುಡುಕುವ ಹಾಗೆ. ಎಲ್ಲೂ ಇರಲಿಲ್ಲ. "ಮಾತಾಡೇ ಪುಟ್ಟಿ," ಎಂದಳು.

"ಅಳಬೇಡ," ಎಂದಳು ಕಂಡಕ್ಟರಮ್ಮ. ಹಳೆಯ ಬಾಗಿಲು ಕಿರುಗುಟ್ಟಿದಂತೆ ಕೇಳಿಸಿತು. ಮೂವರೂ ಬೆಚ್ಚಿದರು.

"ಎಣ್ಣೆ ಬಿಟ್ರೆ ಸರಿಹೋಗುತ್ತೆ," ಎಂದ ಗಂಡ, ಕಣ್ಣೊರೆಸಿಕೊಳ್ಳುತ್ತ.

ಭಾನುವಾರ ನಡೆಯುವ ದಿನ. ಕುರ್ಚಿಯನ್ನು ಹಾಸಿಗೆಯಿಂದ ಹತ್ತು ಹೆಜ್ಜೆ ದೂರ, ಕಿಟಕಿಯ ಬಳಿ ಇಟ್ಟರು. ಅಕ್ಕನಿಗೆ ಡ್ರಿಪ್ಪಿನ ಕಂಬಿ ತಳ್ಳುವ ಕೆಲಸ ಸಿಕ್ಕಿತ್ತು. ಅವಳದನ್ನು ಗಾಜಿನ ಪಾತ್ರೆಯಂತೆ ಹಿಡಿದಿದ್ದಳು. ಕಂಡಕ್ಟರಮ್ಮ ಕಾಲು ಅಗಲ ಇಟ್ಟುಕೊಂಡು, ಹಡಗಿನವರ ನಡಿಗೆಯಲ್ಲಿ, ಹುಡುಗಿಯ ತೋಳಿಗೆ ಮೊಣಕೈ ಮಾತ್ರ ತಾಗಿಸಿ ಹೊರಟಳು. ನಾಲ್ಕನೆಯ ಹೆಜ್ಜೆಯಲ್ಲಿ ನಿಂತು ಉಸಿರು ತಗೊಂಡಳು. ಏಳನೆಯದರಲ್ಲಿ ಇನ್ನೊಮ್ಮೆ. ಹತ್ತಾಯಿತು. ಕುರ್ಚಿ ಸಿಕ್ಕಿತು.

"ಕೂರಿ ಈಗ," ಎಂದಳು ಹುಡುಗಿ.

ಕಂಡಕ್ಟರಮ್ಮ ಕುರ್ಚಿಯ ಬೆನ್ನಿಗೆ ಸೊಂಟ ಆನಿಸಿ, ಅಕ್ಕನನ್ನು ನೋಡಿದಳು. ಹನ್ನೆರಡು ದಿನ ಮೊಗಸಾಲೆಯಲ್ಲಿ ನಿಂತೂ ಕೂತೂ ಅಕ್ಕನ ಪಾದಗಳು ಚಪ್ಪಲಿಯ ಪಟ್ಟಿಯಿಂದ ಉಬ್ಬಿ ಹೊರಬಂದಿದ್ದವು. ಮಲಗಿದ್ದವಳಿಗೆ ಅದು ಕಂಡಿರಲಿಲ್ಲ. ನಿಂತವಳಿಗೆ ಮೊದಲು ಅದೇ ಕಂಡಿತು.

"ಅಕ್ಕ, ನೀನು ಕೂತ್ಕೊ."

"ಹುಚ್ಚಿ, ಇದು ನಿನ್ನ ಕುರ್ಚಿ."

"ಕೂತ್ಕೊ ಅಂದೆನಲ್ಲ."

ಕಿರುಗುಟ್ಟಿದರೂ ದನಿಯಲ್ಲಿ ಹಳೆಯ ಗಡಸು ಇತ್ತು. ಅಕ್ಕ ಡ್ರಿಪ್ಪಿನ ಕಂಬಿ ಹಿಡಿದುಕೊಂಡೇ ಕೂತಳು. ಕೂತ ಮೇಲೆ, ಎಷ್ಟೋ ದಿನದಿಂದ ಕಟ್ಟಿದ್ದ ಉಸಿರೊಂದನ್ನು ಬಿಟ್ಟಳು. ಕಂಡಕ್ಟರಮ್ಮ ಅವಳ ಹೆಗಲ ಮೇಲೆ ಕೈ ಇಟ್ಟಳು, ಆಸರೆಗಲ್ಲ.

"ನಾಳೆ ಎಲ್ಲಿ ತನಕ?" ಎಂದು ಹುಡುಗಿಯನ್ನು ಕೇಳಿದಳು.

"ಬಾಗಿಲ ತನಕ."

"ಬಾಗಿಲ ಆಚೆ ಏನಿದೆ?"

"ಉದ್ದದ ಮೊಗಸಾಲೆ. ಆ ತುದಿ ತನಕ ನಲವತ್ತು ಹೆಜ್ಜೆ."

"ಸರಿ," ಎಂದಳು ಕಂಡಕ್ಟರಮ್ಮ. "ಆ ತುದಿ ತನಕ ಹೋಗೋಣ."